ಗಡಿಯಾರವಿಲ್ಲದ ಆಟ

ವಿಜಯ್ ಕುಮಾರ್ ಬಾಗಲಗುಂಟೆಯ ಹಳೇ ಊರಿನವನು. ಅವನ ತಂದೆ ಕದಿರಪ್ಪನವರ ಕಾಲಕ್ಕೆ ಮನೆಯ ಹಿಂದೆ ರಾಗಿ ಹೊಲಗಳಿದ್ದವು. ವಿಜಯನ ಕಾಲಕ್ಕೆ ಹೊಲ ಸೈಟುಗಳಾಗಿ, ಸೈಟುಗಳು ಮನೆಗಳಾಗಿ, ಮನೆಗಳ ಮೇಲೆ ಮತ್ತೆ ಮನೆಗಳೆದ್ದಿದ್ದವು. ಊರಿನ ಹಳಬರು ಅನ್ನುವ ಹೆಸರೊಂದೇ ಉಳಿದಿತ್ತು. ಐಟಿಐ ಮುಗಿಸಿದ ವಿಜಯ ಪೀಣ್ಯದ ಒಂದು ಪ್ರೆಸ್ ಷಾಪಿಗೆ ಸೇರಿಕೊಂಡ. ತಗಡನ್ನು ಅಚ್ಚಿನ ಮೇಲೆ ಇಟ್ಟು, ಮೇಲಿನಿಂದ ಬೀಳುವ ಪ್ರೆಸ್ಸಿನಡಿ ಒತ್ತಿ, ಸ್ಕೂಟರಿನ ಬಿಡಿಭಾಗ ತೆಗೆಯುವ ಕೆಲಸ. ಆ ಅಚ್ಚುಗಳನ್ನು ಕೂರಿಸುವುದರಲ್ಲಿ ಹನ್ನೊಂದು ವರ್ಷಕ್ಕೆ ಅವನಷ್ಟು ಕೈ ಪಳಗಿದವನು ಆ ಷಾಪಿನಲ್ಲಿ ಇನ್ನೊಬ್ಬನಿರಲಿಲ್ಲ. ತಗಡು ಎಲ್ಲಿ ಹರಿಯುತ್ತದೆ, ಎಲ್ಲಿ ಸುಕ್ಕಾಗುತ್ತದೆ ಅನ್ನುವುದನ್ನು ಅವನು ಒತ್ತುವ ಮೊದಲೇ ಹೇಳುತ್ತಿದ್ದ.

೨೦೧೪ರ ಫೆಬ್ರುವರಿಯಲ್ಲಿ, ಊಟದ ಗಂಟೆಗೆ ಹತ್ತು ನಿಮಿಷ ಬಾಕಿ ಇದ್ದಾಗ, ಆ ಪ್ರೆಸ್ ಅವನ ಬಲಗೈಯ ಮೂರು ಬೆರಳುಗಳನ್ನು ತೆಗೆದುಕೊಂಡಿತು. ಹೆಬ್ಬೆರಳು, ಕಿರುಬೆರಳು ಉಳಿದವು. ಗಂಟೆಗೆ ಹೆಚ್ಚು ಪೀಸು ತೆಗೆಯಬೇಕೆಂದು ಕೈ ಕಾಯುವ ಜಾಲರಿಯನ್ನು ಬಿಚ್ಚಿಟ್ಟಿದ್ದರು. ಬಿಚ್ಚಿಟ್ಟದ್ದು ಅವನೇ, ಹೇಳಿದ್ದು ಸೂಪರ್‌ವೈಸರ್. ವಿಚಾರಣೆಯ ಕಾಗದದಲ್ಲಿ ಮೊದಲನೆಯದು ಮಾತ್ರ ಬಂತು.

ಆಸ್ಪತ್ರೆಯಿಂದ ಬಂದ ಮೇಲೆ ಅವನಿಗೆ ಅದೇ ಫ್ಯಾಕ್ಟರಿಯ ಗೇಟಿನಲ್ಲಿ ಕೆಲಸ ಕೊಟ್ಟರು. ಬಂದವರ ಹೆಸರು, ವಾಹನದ ನಂಬರು ಬರೆದುಕೊಳ್ಳುವುದು. ಎಡಗೈ ಬರಹ ಅವನಿಗೇ ಓದಲು ಬರುತ್ತಿರಲಿಲ್ಲ. ಹಾಗಾಗಿ ಬಂದವರೇ ರಿಜಿಸ್ಟರ್ ಎಳೆದುಕೊಂಡು ಬರೆದು ಒಳಗೆ ಹೋಗುತ್ತಿದ್ದರು. ಹೆಂಡತಿ ಬಿಂದುಶ್ರೀ ದಾಸರಹಳ್ಳಿಯ ಗಾರ್ಮೆಂಟ್ಸಿಗೆ ಸೇರಿಕೊಂಡಳು. ಹೊಲಿದು ಬಂದ ಷರ್ಟುಗಳಲ್ಲಿ ತಪ್ಪು ಹುಡುಕಿ ಗುರುತು ಹಾಕುವ ಕೆಲಸ. ಎಲ್‌ಕೆಜಿಗೆ ಹೋಗುವ ಮಗಳನ್ನು ವಿಜಯನ ತಾಯಿ ಮುನಿಕೃಷ್ಣಮ್ಮ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಯಾರೂ ವಿಜಯನಿಗೆ ಏನೂ ಅನ್ನುತ್ತಿರಲಿಲ್ಲ. ಹಾಗೆ ಏನೂ ಅನ್ನದೆ ಇರುವುದೇ ಅವನನ್ನು ಹೆಚ್ಚು ಹಿಂಸಿಸುತ್ತಿತ್ತು.

ಬಿಂದುಶ್ರೀಯ ತವರು ಅಟ್ಟೂರು. ಅವಳ ತಮ್ಮ ಯೋಗಾನಂದ ಆಗ ಮತ್ತಿಕೆರೆಯಲ್ಲಿ ಗೆಳೆಯರ ಜೊತೆ ರೂಮು ಮಾಡಿಕೊಂಡು ಬಿ.ಕಾಂ. ಓದುತ್ತಿದ್ದ. ಭಾನುವಾರ ಊಟಕ್ಕೆ ಅಕ್ಕನ ಮನೆಗೆ ಬರುವುದು ವಾಡಿಕೆ. ಭಾವ ಗೋಡೆ ನೋಡುತ್ತ ಕೂತಿರುವುದನ್ನು ನಾಲ್ಕು ಭಾನುವಾರ ನೋಡಿ, ಐದನೆಯ ಭಾನುವಾರ ತನ್ನ ಫೋನನ್ನು ಅವನ ಮುಂದಿಟ್ಟ.

"ಭಾವ, ಒಂದ್ ಆಟ ಆಡ್ತೀರಾ?"

"ನಂಗ್ಯಾಕೋ ಆಟ?"

"ಸುಮ್ನೆ ಆಡಿ ನೋಡಿ. ಹಿಡಿಸ್ಲಿಲ್ಲ ಅಂದ್ರೆ ಬಿಡಿ."

ಮೊದಲು ಕಾರಿನ ರೇಸು. ಫೋನನ್ನೇ ಎಡಕ್ಕೆ ಬಲಕ್ಕೆ ವಾಲಿಸಿ ಓಡಿಸುವಂಥದ್ದು. ಎರಡು ಅಂಗೈಗಳ ನಡುವೆ ಹಿಡಿದು ವಿಜಯ ಓಡಿಸಿದ. ತಿರುವು ಬಂದಾಗಲೆಲ್ಲ ಕಣ್ಣು ಮುಚ್ಚಿಬಿಡುತ್ತಿದ್ದ. ಮುಂದಿನ ವಾರ ಯೋಗಾನಂದ ಅವನನ್ನು ಮತ್ತಿಕೆರೆಯ ಗೇಮಿಂಗ್ ಸೆಂಟರಿಗೆ ಕರೆದುಕೊಂಡು ಹೋದ. ಹತ್ತು ಜನ ಒಂದು ಕಡೆ, ಹತ್ತು ಜನ ಇನ್ನೊಂದು ಕಡೆ ನಿಂತು ಗುಂಡು ಹಾರಿಸುವ ಆಟ. ವಿಜಯ ಎಡಗೈಯಲ್ಲಿ ಮೌಸ್ ಹಿಡಿದು, ಬಲಗೈಯ ಉಳಿದೆರಡು ಬೆರಳಲ್ಲಿ ಕೀಗಳನ್ನು ಒತ್ತುತ್ತ ಕೂತ. ಎರಡೇ ನಿಮಿಷದಲ್ಲಿ ನಾಲ್ಕು ಸಲ ಸತ್ತ. ಅವನ ತಂಡದಲ್ಲಿದ್ದ ಯಾವನೋ ಮೂಲೆಯ ಕಂಪ್ಯೂಟರಿನಿಂದ ಕೂಗಿದ: "ಯಾರ್ ಗುರು ಇದು, ನಿಂತ್ಕೊಂಡೇ ಸಾಯ್ತಾವ್ನೆ!"

ವಿಜಯ ಎದ್ದು ಹೊರಗೆ ಬಂದುಬಿಟ್ಟ.

ಯೋಗಾನಂದ ಬಿಡಲಿಲ್ಲ. ಮೂರನೆಯ ವಾರ ಚೆಸ್. ಯಾವುದೋ ದೇಶದವನ ಜೊತೆ ಹತ್ತು ನಿಮಿಷದ ಆಟ. ವಿಜಯ ಚೆನ್ನಾಗಿಯೇ ಆಡುತ್ತಿದ್ದ. ಎದುರಾಳಿಯ ಮಂತ್ರಿಯನ್ನೂ ತೆಗೆದಿದ್ದ. ಆದರೆ ಗಡಿಯಾರ ಕೊನೆಯ ನಿಮಿಷಕ್ಕೆ ಬಂದು ಅಂಕಿಗಳು ಕೆಂಪಾದಾಗ ಅವನ ಕಣ್ಣು ಹಲಗೆ ಬಿಟ್ಟು ಅಂಕಿಗಳ ಮೇಲೇ ನಿಂತಿತು. ಎಲ್ಲೋ ಮುಟ್ಟಲು ಹೋಗಿ ಎಲ್ಲೋ ಮುಟ್ಟಿ ಸೋತ. ಫೋನನ್ನು ಮಗುಚಿಟ್ಟು, "ಬೆರಳಿಲ್ದೋನಿಗೆ ಯಾವ್ ಆಟಾನೂ ಇಲ್ಲ ಬಿಡೋ" ಅಂದ.

ಯೋಗಾನಂದ ಸ್ವಲ್ಪ ಹೊತ್ತು ಅವನನ್ನೇ ನೋಡಿದ. "ಬೆರಳಿನ ಪ್ರಾಬ್ಲಮ್ ಅಲ್ಲ ಭಾವ. ಚೆಸ್ಸಿಗೆ ಒಂದ್ ಬೆರಳು ಸಾಕು. ಟೈಮ್ ಓಡೋಕ್ ಶುರು ಆಯ್ತು ಅಂದ್ರೆ ನೀವು ಉಸಿರು ಹಿಡ್ಕೊಂಡ್ಬಿಡ್ತೀರ. ರೇಸಲ್ಲೂ ಅಷ್ಟೆ, ಗೇಮಿಂಗ್ ಸೆಂಟರಲ್ಲೂ ಅಷ್ಟೆ. ನಿಮ್ಗೆ ಗಡಿಯಾರ ಇಲ್ದಿರೋ ಆಟ ಬೇಕು."

ಅಪಘಾತವಾದ ಮೇಲೆ ಡಾಕ್ಟರು, ಫ್ಯಾಕ್ಟರಿಯವರು, ನೆಂಟರು ಎಲ್ಲರೂ ಅವನ ಕೈ ನೋಡಿದ್ದರು. ಅವನನ್ನು ಇಷ್ಟು ಹತ್ತಿರದಿಂದ ನೋಡಿದವನು ಈ ಇಪ್ಪತ್ತರ ಹುಡುಗ ಒಬ್ಬನೇ. ಆ ದಿನ ಊಟಕ್ಕೆ ವಿಜಯ ಯೋಗಾನಂದನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡ.

ನಾಲ್ಕನೆಯದು ಕೋಟೆ ಕಟ್ಟುವ ಆಟ. ನಮ್ಮದೇ ಒಂದು ಊರು. ಅದಕ್ಕೆ ಗೋಡೆ, ಫಿರಂಗಿ, ಕಾವಲು ಗೋಪುರ, ನೆಲದಡಿಯ ಬಲೆಗಳು. ಎಲ್ಲವನ್ನೂ ನಮಗೆ ಬೇಕಾದ ಹಾಗೆ, ಬೇಕಾದಷ್ಟು ಹೊತ್ತು ಯೋಚಿಸಿ ಜೋಡಿಸಬಹುದು. ನಾವು ಮಲಗಿದ್ದಾಗಲೋ ಕೆಲಸದಲ್ಲಿದ್ದಾಗಲೋ ಬೇರೆ ಆಟಗಾರರು ಬಂದು ದಾಳಿ ಮಾಡುತ್ತಾರೆ. ಆ ದಾಳಿ ಹೇಗೆ ನಡೆಯಿತು ಅನ್ನುವುದನ್ನು ಆಮೇಲೆ ನಿಧಾನವಾಗಿ ನೋಡಬಹುದು.

ವಿಜಯನಿಗೆ ಅದು ಹಿಡಿಸಿತು. ಗೇಟಿನ ಟೇಬಲ್ಲಿನ ಮೇಲೆ ಫೋನ್ ಮಲಗಿಸಿ, ಎಡಗೈಯ ಒಂದೇ ಬೆರಳಲ್ಲಿ ಗೋಡೆಯ ಒಂದೊಂದು ತುಂಡನ್ನೂ ಸರಿಸಿ ಇಡುತ್ತಿದ್ದ. ತನ್ನ ಮೇಲಾದ ದಾಳಿಗಳನ್ನು ಹತ್ತು ಸಲ, ಹದಿನೈದು ಸಲ ನೋಡುತ್ತಿದ್ದ. ಎಲ್ಲರೂ ನಾಲ್ಕೂ ಕಡೆ ಗೋಡೆ ಕಟ್ಟಿ ಬಂದ್ ಮಾಡಿದರೆ, ಅವನು ಒಂದು ಕಡೆ ಅಗಲವಾದ ಬಾಗಿಲು ಬಿಟ್ಟ. ಎದುರಾಳಿಯ ಸೈನಿಕರು ಒತ್ತಿದ ತಗಡು ಅಚ್ಚಿನೊಳಗೆ ಇಳಿಯುವ ಹಾಗೆ ಆ ಬಾಗಿಲಿಗೇ ನುಗ್ಗಿ ಬಂದು, ಓಣಿ ಸುತ್ತಿ, ಅವನು ಬಲೆ ಹೂತಿಟ್ಟ ಕಡೆಯೇ ಹೋಗಿ ಸಾಯುತ್ತಿದ್ದರು.

ಯೋಗಾನಂದ ಅವನನ್ನು ತನ್ನ ಗುಂಪಿಗೆ ಸೇರಿಸಿದ. ಯಶವಂತಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಸುಬ್ರಮಣಿ ಆ ಗುಂಪಿನ ಲೀಡರ್. ಹೆಬ್ಬಾಳ, ಯಲಹಂಕ, ಆರ್.ಟಿ. ನಗರದ ಕಡೆಯ ನಲವತ್ತು ಜನ ಅದರಲ್ಲಿದ್ದರು. ಹೆಚ್ಚಿನವರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಎರಡೇ ತಿಂಗಳಲ್ಲಿ ಗುಂಪಿನ ಅರ್ಧ ಜನ ವಿಜಯನ ಕೋಟೆಯ ನಕ್ಷೆಯನ್ನೇ ನೋಡಿ ಕಟ್ಟಿಕೊಂಡರು. ಅದಕ್ಕೆ ಬಾಗಲಗುಂಟೆ ಬೇಸ್ ಅಂತ ಹೆಸರಿಟ್ಟರು. ಸುಬ್ರಮಣಿ ಎಲ್ಲರ ಮುಂದೆ ಬರೆದ: "ವಿಜಿ ಅಣ್ಣನ ಬೇಸ್ ಒಡ್ಯೋನು ಇನ್ನೂ ಹುಟ್ಟಿಲ್ಲ." ವಿಜಯ ಅದನ್ನು ಗೇಟಿನಲ್ಲಿ ಕೂತು ಓದಿದ, ಬಸ್ಸಿನಲ್ಲಿ ಓದಿದ, ಮನೆಗೆ ಬಂದು ತಂದೆಗೆ ತೋರಿಸಿದ.

ಕದಿರಪ್ಪನವರು ಕನ್ನಡಕ ಏರಿಸಿ ನೋಡಿದರು. "ಇಂಗೆ ಎಲ್ಲಾರ್ದೂ ಕಟ್ಟಿಕೊಟ್ರೆ ಏನಾರ ಕೊಡ್ತಾರೇನಪ್ಪಾ?"

"ಇಲ್ಲ ಅಪ್ಪ. ಅಣ್ಣ ಅಂತಾರೆ."

"ಓಗ್ಲಿ ಬಿಡು. ಅಷ್ಟಾದ್ರೂ ಅಂತಾರಲ್ಲ."

ತೊಂದರೆ ಶುರುವಾದದ್ದು ಗುಂಪುಗಳ ನಡುವೆ ಯುದ್ಧ ಬಂದಾಗ. ಒಂದೊಂದು ಯುದ್ಧದಲ್ಲೂ ಪ್ರತಿಯೊಬ್ಬರೂ ಎರಡು ಸಲ ದಾಳಿ ಮಾಡಲೇಬೇಕು. ದಾಳಿಗೆ ಮೂರೇ ನಿಮಿಷ. ತೆರೆಯ ಮೂಲೆಯಲ್ಲಿ ಸೆಕೆಂಡುಗಳು ಇಳಿಯುತ್ತ ಹೋಗುತ್ತವೆ. ಮೊದಲ ದಾಳಿಯಲ್ಲಿ ವಿಜಯ ಸೆಕೆಂಡುಗಳನ್ನೇ ನೋಡುತ್ತ ಬೆರಳೊತ್ತಿ, ಸೈನಿಕರೆಲ್ಲ ಒಂದೇ ಕಡೆ ಬಿದ್ದು ಸತ್ತರು. ಯಾರೋ ನಗುವ ಮುಖ ಹಾಕಿದರು. ಎರಡನೆಯ ದಾಳಿಗೆ ಮೊದಲು ಅವನು ಯೋಗಾನಂದನಿಗೆ ಫೋನ್ ಮಾಡಿದ.

"ನನ್ ಪಾಸ್‌ವರ್ಡ್ ಕೊಡ್ತೀನಿ. ಇದೊಂದ್ ಅಟ್ಯಾಕ್ ನೀನೇ ಮಾಡ್ಬಿಡೋ."

ಯೋಗಾನಂದ ಮಾಡಿದ. ಎದುರಾಳಿಯ ಕೋಟೆ ಪೂರ್ತಿ ಉರುಳಿತು. ಗುಂಪಿನಲ್ಲಿ ಶಿಳ್ಳೆ, ಚಪ್ಪಾಳೆಯ ಚಿತ್ರಗಳು. "ಕಟ್ಟೋದ್ರಲ್ಲೂ ನೀವೇ, ಒಡ್ಯೋದ್ರಲ್ಲೂ ನೀವೇ ಅಣ್ಣ!" ಅಂತ ಸುಬ್ರಮಣಿ ಬರೆದ. ವಿಜಯ ಒಂದು ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾದ. ಆ ಕ್ಷಣಕ್ಕೆ ನಿಜ ಹೇಳುವುದು ಬಹಳ ಸುಲಭವಿತ್ತು. ಮರುದಿನಕ್ಕೆ ಸ್ವಲ್ಪ ಕಷ್ಟವಾಯಿತು. ತಿಂಗಳಾಗುವ ಹೊತ್ತಿಗೆ ಆಗದ ಮಾತಾಯಿತು.

ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ವಾರಕ್ಕೆ ಎರಡು ಯುದ್ಧ, ವಿಜಯನ ಪಾಲಿನ ನಾಲ್ಕು ದಾಳಿ, ಎಲ್ಲ ಯೋಗಾನಂದನ ಕೈಯಲ್ಲಿ. ತನ್ನ ಪಾಲಿನ ನಾಲ್ಕು ಬೇರೆ. ಸುಬ್ರಮಣಿ ವಿಜಯನನ್ನು ಉಪನಾಯಕನನ್ನಾಗಿ ಮಾಡಿದ. ಹೊಸಬರನ್ನು ಸೇರಿಸುವ, ಬೇಡವಾದವರನ್ನು ತೆಗೆಯುವ ಅಧಿಕಾರ ಸಿಕ್ಕಿತು. ವಿಜಯ ಅದನ್ನು ಮನಸ್ಸಿಟ್ಟು ಚಲಾಯಿಸಿದ. ಫ್ಯಾಕ್ಟರಿಯ ಗೇಟಿನಲ್ಲಿ ಯಾರೂ ಕೇಳದ ಅವನ ಮಾತು ಇಲ್ಲಿ ನಡೆಯುತ್ತಿತ್ತು. ಅವನೇ ಒಂದು ನಿಯಮ ಬರೆದ: ಎರಡು ದಾಳಿ ತಪ್ಪಿಸಿದವರು ಗುಂಪಿನಲ್ಲಿ ಇರುವಂತಿಲ್ಲ, ಕಾರಣ ಕೇಳುವುದಿಲ್ಲ.

ಆರ್.ಟಿ. ನಗರದಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದ ನೂರ್‌ಜಹಾನ್ ಅನ್ನುವವರು ಗುಂಪಿನ ಮೊದಲ ದಿನದಿಂದ ಇದ್ದರು. ಒಂದು ಯುದ್ಧದಲ್ಲಿ ಅವರ ಎರಡೂ ದಾಳಿ ತಪ್ಪಿತು. ವಿಜಯ ಅವರನ್ನು ತೆಗೆದುಹಾಕಿದ. ಅವರ ಮಗನಿಗೆ ಡೆಂಗಿ ಬಂದು ಆಸ್ಪತ್ರೆಯಲ್ಲಿದ್ದರೆಂದು ಆಮೇಲೆ ಯಾರೋ ಬರೆದರು.

"ವಾಪಸ್ ಕರಿಯೋಣ ಭಾವ" ಅಂದ ಯೋಗಾನಂದ.

"ರೂಲ್ಸು ಅಂದ್ರೆ ರೂಲ್ಸು. ಒಬ್ರಿಗೆ ಬಿಟ್ರೆ ಎಲ್ರೂ ಕತೆ ಹೇಳ್ತಾರೆ."

ಯೋಗಾನಂದ ಅವನ ಮುಖ ನೋಡಿದ.

೨೦೧೫ರ ಕೊನೆಗೆ ಯೋಗಾನಂದನಿಗೆ ಪರೀಕ್ಷೆ ಬಂತು. ಹಿಂದಿನ ಸಲ ಎರಡು ವಿಷಯ ಉಳಿದಿದ್ದವು. ಒಂದು ಭಾನುವಾರ ಊಟಕ್ಕೆ ಬಂದವನು ಕೈ ತೊಳೆಯುತ್ತ ಹೇಳಿದ: "ಭಾವ, ಇನ್ಮೇಲೆ ನಿಮ್ ಅಟ್ಯಾಕ್ ನೀವೇ ಮಾಡ್ಕೊಳಿ. ನಂಗೆ ಓದೋದಿದೆ."

"ಹತ್ ನಿಮಿಷದ ಕೆಲ್ಸ ಕಣೋ."

"ಹತ್ ನಿಮಿಷ ಅಲ್ಲ ಭಾವ. ಕ್ಲಾಸಲ್ಲಿ ಕೂತಿರ್ತೀನಿ, ನೀವು ಮೂರ್ ಮೂರ್ ಸಲ ಫೋನ್ ಮಾಡ್ತೀರ. ಸೋತ್ರೆ ಬೈತೀರ. ಗೆದ್ರೆ ನಿಮ್ ಹೆಸ್ರು."

ವಿಜಯನಿಗೆ ಸಿಟ್ಟು ನೆತ್ತಿಗೇರಿತು. "ವಾರಾ ವಾರಾ ಬಂದು ಈ ಮನೇಲಿ ಉಣ್ತೀಯಲ್ಲ, ಅದಕ್ಕೆ ಯಾರ್ ಹೆಸ್ರೋ?"

ಅಡುಗೆಮನೆಯಲ್ಲಿ ತಟ್ಟೆಗೆ ಮುದ್ದೆ ಇಡುತ್ತಿದ್ದ ಬಿಂದುಶ್ರೀ ಕೈಯನ್ನು ಹಾಗೇ ನಿಲ್ಲಿಸಿ ಹೊರಗೆ ಬಂದಳು. ಅವಳು ಗಂಡನ ಮೇಲೆ ದನಿ ಎತ್ತಿದವಳಲ್ಲ. ಆಗಲೂ ಎತ್ತಲಿಲ್ಲ.

"ಅವನು ಉಣ್ಣೋದು ನಾನ್ ದುಡಿದಿದ್ದು ಕಣ್ರೀ. ನೀವು ಉಣ್ಣೋದೂ ಅದೇ."

ಅಷ್ಟು ಹೇಳಿ ಒಳಗೆ ಹೋದಳು. ಮುನಿಕೃಷ್ಣಮ್ಮ ಮೊಮ್ಮಗಳನ್ನು ಎತ್ತಿಕೊಂಡು ಹೊರಗಿನ ಜಗಲಿಗೆ ನಡೆದರು. ಗಂಡಸರಿಬ್ಬರೂ ತಲೆ ತಗ್ಗಿಸಿ ಉಂಡರು. ಆ ವಾರದ ದಾಳಿಗಳನ್ನು ಯೋಗಾನಂದ ಮಾಡಿಕೊಟ್ಟ. ಅಕ್ಕನಿಗೋಸ್ಕರ ಮಾಡಿದನೋ, ಮಾತು ಬೆಳೆಯುವುದು ಬೇಡವೆಂದು ಮಾಡಿದನೋ, ವಿಜಯ ಕೇಳಲಿಲ್ಲ.

ಮರುವರ್ಷ ಜನವರಿಯಲ್ಲಿ ಸುಬ್ರಮಣಿ ಎಲ್ಲರೂ ಒಮ್ಮೆ ಸೇರೋಣ ಎಂದ. ಯಲಹಂಕ ನ್ಯೂಟೌನಿನ ಒಂದು ದರ್ಶಿನಿಯಲ್ಲಿ, ಭಾನುವಾರ ಬೆಳಗ್ಗೆ ತಿಂಡಿಗೆ. ವಿಜಯ ಬರುವುದಿಲ್ಲ ಎಂದು ಎರಡು ಸಲ ಬರೆದ. "ನೀವಿಲ್ದೆ ಮೀಟಿಂಗ್ ಏನಣ್ಣಾ" ಅಂತ ಹದಿನೈದು ಜನ ಬರೆದರು. ಆ ಹದಿನೈದು ಸಾಲುಗಳು ಅವನನ್ನು ಎಬ್ಬಿಸಿ ಕರೆದುಕೊಂಡು ಹೋದವು. ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡ. ಮೇಲೆ ಜರ್ಕಿನ್ ಹಾಕಿ, ಬಲಗೈಯನ್ನು ಅದರ ಜೇಬಿನಲ್ಲಿಟ್ಟ.

ದರ್ಶಿನಿಯ ಮುಂದೆ ಇಪ್ಪತ್ತು ಜನ ನಿಂತಿದ್ದರು. ಯೋಗಾನಂದ ಮೊದಲೇ ಬಂದಿದ್ದ. "ಇವ್ರೇ ವಿಜಿ ಅಣ್ಣ" ಎಂದು ಅವನು ಹೇಳಿದ್ದೇ ತಡ, ಸುಬ್ರಮಣಿ ದೊಡ್ಡ ನಗು ನಗುತ್ತ ಬಂದು ಕೈ ಚಾಚಿದ. ವಿಜಯ ಎಡಗೈ ಮುಂದೆ ಮಾಡಿದ. ಸುಬ್ರಮಣಿ ತಮಾಷೆ ಎಂದುಕೊಂಡು, "ಏನಣ್ಣಾ, ಬಲಗೈ ಮನೇಲಿ ಬಿಟ್ಟು ಬಂದ್ರಾ?" ಎಂದು ಅವನ ಮೊಣಕೈ ಹಿಡಿದು ಎಳೆದ. ಕೈ ಜೇಬಿನಿಂದ ಹೊರಗೆ ಬಂತು.

ಹಿಂದೆ ಕೌಂಟರಿನವನು ಟೋಕನ್ ನಂಬರು ಕೂಗುತ್ತಿದ್ದ.

"ಸಾರಿ ಅಣ್ಣ" ಅಂದ ಸುಬ್ರಮಣಿ. "ಗೊತ್ತಿರ್ಲಿಲ್ಲ."

"ಪರ್ವಾಗಿಲ್ಲ. ಫ್ಯಾಕ್ಟರೀಲಿ ಆಗಿದ್ದು."

ಇಡ್ಲಿ ಬಂತು, ಕಾಫಿ ಬಂತು. ಎಲ್ಲರೂ ಬೇಕೆಂದೇ ಜೋರಾಗಿ ಮಾತಾಡಿದರು. ಗುಂಪಿನ ಕಿರಿಯ ಹುಡುಗನೊಬ್ಬ ಮಾತ್ರ ಎಲ್ಲರ ತಲೆಯಲ್ಲಿದ್ದದ್ದನ್ನು ಕೇಳಿಯೇಬಿಟ್ಟ. "ಅಣ್ಣ, ಹಂಗಾದ್ರೆ ಅಟ್ಯಾಕ್ ಎಲ್ಲಾ ಹೆಂಗ್ ಮಾಡ್ತಿದ್ರಿ? ಮೂರ್ ನಿಮಿಷದಲ್ಲಿ?"

ವಿಜಯ ಯೋಗಾನಂದನ ಕಡೆ ನೋಡಿದ. ಅವನು ಕಾಫಿ ಲೋಟ ನೋಡುತ್ತಿದ್ದ. ಕೊನೆಗೆ ಲೋಟ ಕೆಳಗಿಟ್ಟು, "ನಾನ್ ಮಾಡ್ತಿದ್ದೆ" ಅಂದ.

"ಎಲ್ಲಾನೂ?"

"ಮೊದಲ್ನೇದು ಒಂದ್ ಬಿಟ್ಟು ಎಲ್ಲಾ."

ಒಬ್ಬ ಅವನ ಬೆನ್ನು ತಟ್ಟಿದ. ಇನ್ನೊಬ್ಬ "ಮಗಾ, ನೀನಾ!" ಅಂದ. ಅವರೆಲ್ಲ ಯೋಗಾನಂದನ ಸುತ್ತ ಸೇರಿ, ಯಾವ ಕೋಟೆಯನ್ನು ಹೇಗೆ ಒಡೆದೆ, ಆ ದಿನ ಹೇಗೆ ಮಾಡಿದೆ ಎಂದು ಕೇಳತೊಡಗಿದರು. ಯೋಗಾನಂದನ ಮುಖ ಹಿಗ್ಗಿದ್ದನ್ನು ವಿಜಯ ಕಂಡ. ಸುಬ್ರಮಣಿ ವಿಜಯನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ: "ನೀವೇನ್ ತಲೆ ಕೆಡಿಸ್ಕೋಬೇಡಿ ಅಣ್ಣ. ನೀವು ಅಟ್ಯಾಕ್ ಮಾಡೋದೇ ಬೇಡ. ಸುಮ್ನೆ ಗ್ರೂಪಲ್ಲಿರಿ ಸಾಕು."

ವಿಜಯ ಕಾಫಿ ಅರ್ಧಕ್ಕೆ ಬಿಟ್ಟು ಬಸ್ ಸ್ಟಾಪಿನ ಕಡೆ ನಡೆದ. ಯಾರೂ ತಡೆಯಲಿಲ್ಲ.

ಬುಧವಾರ ಗೇಟಿನಲ್ಲಿ ಫೋನ್ ತೆರೆದಾಗ ಅವನ ಕೋಟೆ ಇತ್ತು, ಗುಂಪು ಇರಲಿಲ್ಲ. ಆಟದೊಳಗೆ ಒಂದು ಓಲೆ ಬಂದಿತ್ತು. ಅವನನ್ನು ಗುಂಪಿನಿಂದ ತೆಗೆಯಲಾಗಿದೆ. ಕಾರಣ: ಎರಡು ದಾಳಿ ತಪ್ಪಿಸಿದ್ದು. ಆ ವಾರದ ಯುದ್ಧದಲ್ಲಿ ಅವನ ಪಾಲಿನ ದಾಳಿಗಳನ್ನು ಯಾರೂ ಮಾಡಿರಲಿಲ್ಲ. ತೆಗೆದವರ ಹೆಸರಿನ ಜಾಗದಲ್ಲಿ ಯೋಗಿ ಅಟ್ಟೂರು ಎಂದಿತ್ತು, ಆಟದಲ್ಲಿ ಯೋಗಾನಂದನ ಹೆಸರು ಅದು. ವಿಜಯನ ಉಪನಾಯಕನ ಜಾಗಕ್ಕೆ ಈಗ ಅವನನ್ನು ಹಾಕಿದ್ದರು.

ಭಾನುವಾರ ಯೋಗಾನಂದ ಎಂದಿನಂತೆ ಊಟಕ್ಕೆ ಬಂದ. ಬಿಂದುಶ್ರೀ ಅಂಗಡಿಗೆ ಹೋಗಿದ್ದಳು. ವಿಜಯ ಫೋನ್ ಮುಂದೆ ಹಿಡಿದ.

"ಇದು ನೀನಾ?"

"ಹೂಂ ಭಾವ."

"ಸುಬ್ರಮಣಿ ಹೇಳಿದ್ನಾ?"

"ಇಲ್ಲ. ಅವ್ರು ಬೇಡ ಅಂದ್ರು. ಪಾಪ, ಇರ್ಲಿ ಬಿಡು ಅಂದ್ರು." ಯೋಗಾನಂದ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. "ಎಲ್ರೂ ಅದೇ ಅಂತಿದ್ರು, ಪಾಪ ಪಾಪ ಅಂತ. ನಂಗೆ ಕೇಳೋಕಾಗ್ಲಿಲ್ಲ. ಪಾಪ ಅಂತ ಇಟ್ಕೊಳೋದಕ್ಕಿಂತ ತೆಗ್ದುಹಾಕೋದೇ ವಾಸಿ ಅನ್ನಿಸ್ತು."

"ನನ್ ಒಳ್ಳೇದಕ್ಕೆ ಮಾಡ್ದೆ ಅಂತೀಯ?"

ಯೋಗಾನಂದ ಚೌಕಟ್ಟು ಬಿಟ್ಟು ನೇರ ನಿಂತ. "ಪೂರ್ತಿ ಅದಕ್ಕೇ ಅಲ್ಲ. ಒಂದ್ ವರ್ಷ ಆಡ್ದೆ ಭಾವ. ಒಂದೇ ಒಂದ್ಸಲ, ಇದು ನಮ್ ಯೋಗಿ ಆಡಿದ್ದು ಅಂದಿದ್ರೆ ಸಾಕಿತ್ತು."

ವಿಜಯ ಫೋನನ್ನು ಮಗುಚಿಟ್ಟ. ಬಿಂದುಶ್ರೀ ಬಂದಳು. ಮೂವರೂ ಊಟ ಮಾಡಿದರು. ಯೋಗಾನಂದನ ಪರೀಕ್ಷೆ, ಅಟ್ಟೂರಿನ ನೀರಿನ ತೊಂದರೆ, ಹೀಗೆ ಏನೇನೋ ಮಾತಾಯಿತು.

ಎರಡು ವಾರ ವಿಜಯ ಒಬ್ಬನೇ ಆಡಿದ. ಯಾರ ಗುಂಪೂ ಇಲ್ಲದವನ ಕೋಟೆಗೆ ಯಾರೂ ಮೆಚ್ಚುಗೆ ಬರೆಯುವುದಿಲ್ಲ. ಹುಡುಕುತ್ತ ಹುಡುಕುತ್ತ ನೂರ್‌ಜಹಾನ್ ಹೊಸ ಗುಂಪು ಕಟ್ಟಿರುವುದು ಕಣ್ಣಿಗೆ ಬಿತ್ತು. ಸೇರಿಸಿಕೊಳ್ಳಿ ಎಂದು ಕೋರಿಕೆ ಕಳಿಸಿದ. ತಾನು ಕೋಟೆ ಚೆನ್ನಾಗಿ ಕಟ್ಟುತ್ತೇನೆ, ದಾಳಿ ಮಾಡಲು ಕೈಯಿಂದ ಆಗುವುದಿಲ್ಲ, ಅಪಘಾತವಾಗಿದೆ ಎಂದು ಮೊದಲ ಬಾರಿಗೆ ನಿಜ ಬರೆದ. ಎಡಗೈಯಲ್ಲಿ ಆ ನಾಲ್ಕು ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು.

ಸಂಜೆಗೆ ಉತ್ತರ ಬಂತು. "ನಿಮ್ಮ ಕೈಗೆ ಹಾಗಾಗಿದ್ದು ಬೇಜಾರಾಯ್ತು. ಆದರೆ ನಮ್ಮಲ್ಲೂ ಎರಡು ದಾಳಿ ಮಾಡಲೇಬೇಕು. ನೀವು ಬರೆದ ನಿಯಮವನ್ನೇ ಇಟ್ಟುಕೊಂಡಿದ್ದೇವೆ. ಕಾರಣ ಕೇಳುವುದಿಲ್ಲ."

ವಿಜಯ ಅದನ್ನು ಎರಡು ಸಲ ಓದಿದ. ಆಕೆ ಬರೆದದ್ದರಲ್ಲಿ ತಪ್ಪು ಹುಡುಕಿದ. ಸಿಗಲಿಲ್ಲ. ಆಟವನ್ನು ಫೋನಿನಿಂದ ತೆಗೆದುಹಾಕಿದ.

ಒಂದು ತಿಂಗಳಾದ ಮೇಲೆ ಬಿಂದುಶ್ರೀ ಗಮನಿಸಿದಳು. "ಈಗ ಆಟ ಆಡಲ್ವಾ?"

"ಇಲ್ಲ."

"ಒಳ್ಳೇದಾಯ್ತು ಬಿಡಿ" ಅಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ನೆಮ್ಮದಿಯಿತ್ತು. ಹೋದದ್ದು ಏನು ಎಂದು ಅವಳಿಗೆ ಹೇಳಲು ವಿಜಯನಿಗೆ ಬಾಯಿ ಬರಲಿಲ್ಲ.

೨೦೧೭ರಲ್ಲಿ ಫ್ಯಾಕ್ಟರಿ ಊರಾಚೆಗೆ ಹೋಯಿತು. ಗೇಟಿನ ಕೆಲಸವೂ ಹೋಯಿತು. ವಿಜಯ ಹೆಸರಘಟ್ಟ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ ಚಪ್ಪಲಿ, ಗಾಡಿ ನೋಡಿಕೊಳ್ಳುವ ಕೆಲಸ ಹಿಡಿದ. ಯೋಗಾನಂದ ಪಾಸಾಗಿ ಹೆಬ್ಬಾಳದ ಕಡೆ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದ. ಭಾನುವಾರಗಳು ತಿಂಗಳಿಗೊಂದಾದವು.

೨೦೧೮ರ ಒಂದು ಭಾನುವಾರ ಅವನು ದೊಡ್ಡ ಹೊಸ ಫೋನ್ ಹಿಡಿದು ಬಂದ. ಆಗ ಊರೆಲ್ಲ ಆಡುತ್ತಿದ್ದ ಒಂದು ಹೊಸ ಆಟ ಅದರಲ್ಲಿತ್ತು. ದ್ವೀಪವೊಂದಕ್ಕೆ ನೂರು ಜನ ಇಳಿದು, ಕೊನೆಗೆ ಒಬ್ಬನೇ ಉಳಿಯುವುದು. ಯೋಗಾನಂದ ಹಳೆಯ ಹುಮ್ಮಸ್ಸಿನಲ್ಲಿ ಭಾವನ ಪಕ್ಕ ಕೂತ.

"ಇದ್ರಲ್ಲಿ ಓಡ್ಬೇಕು ಅಂತೇನಿಲ್ಲ ಭಾವ. ಯಾವ್ದಾದ್ರೂ ಮನೆಯೊಳಗೆ ಅವಿತ್ಕೊಂಡು ಕೂತ್ರೂ ಕೊನೇ ಹತ್ ಜನದಲ್ಲಿ ಬರ್ಬೋದು. ನಿಮ್ ಸ್ಟೈಲಿಗೆ ಸರಿಯಾಗತ್ತೆ ಅಂತ..."

"ನನ್ ಸ್ಟೈಲ್ ನಿಂಗೇನೋ ಗೊತ್ತು?"

ಯೋಗಾನಂದನ ಕೈ ಹಾಗೇ ನಿಂತಿತು.

"ನನ್ಗೆ ಏನಾಗುತ್ತೆ, ಏನಾಗಲ್ಲ ಅಂತ ನೀನ್ ಹೇಳ್ಬೇಡ. ಅವಿತ್ಕೊಂಡು ಕೂರೋದು ನಿನ್ ಭಾವನ ಸ್ಟೈಲಾ? ಎದ್ದೋಗು."

ಹಾಗೆ ಹೇಳುವಾಗಲೇ ವಿಜಯನಿಗೆ ಗೊತ್ತಿತ್ತು, ತನ್ನನ್ನು ಬಲ್ಲವನು ಭೂಮಿಯ ಮೇಲೆ ಇವನೊಬ್ಬನೇ ಎಂದು. ಅದಕ್ಕೇ ಮಾತು ಅಷ್ಟು ಖಾರವಾಗಿ ಬಂತು.

ಯೋಗಾನಂದ ಫೋನನ್ನು ಜೇಬಿಗಿಟ್ಟ. ಅಡುಗೆಮನೆ ಬಾಗಿಲಿಗೆ ಹೋಗಿ, "ಅಕ್ಕ, ಬರ್ತೀನಿ" ಅಂದ.

"ಊಟ ಮಾಡ್ಕೊಂಡ್ ಹೋಗೋ, ಎಲ್ಲಾ ಆಗಿದೆ."

"ಇಲ್ಲಕ್ಕ, ಕೆಲ್ಸ ಇದೆ."

ಅವನ ಬೈಕಿನ ಸದ್ದು ಬೀದಿ ಕೊನೆಯವರೆಗೂ ಕೇಳಿಸಿತು. ಬಿಂದುಶ್ರೀ ಮಾವನಿಗೆ ಬಡಿಸಿದಳು, ಅತ್ತೆಗೆ, ಮಗಳಿಗೆ ಬಡಿಸಿದಳು. ಗಂಡನ ತಟ್ಟೆಗೂ ಬಡಿಸಿ ಮುಂದಿಟ್ಟಳು.

ಅಂದಿನಿಂದ ಯೋಗಾನಂದ ಬರುವುದಿದ್ದರೆ ಮೊದಲು ಅಕ್ಕನಿಗೆ ಫೋನ್ ಮಾಡುತ್ತಾನೆ. ಕಲ್ಯಾಣ ಮಂಟಪದಲ್ಲಿ ಮದುವೆ ಇರುವ ದಿನ ಯಾವುದೆಂದು ಕೇಳಿಕೊಂಡು, ಆ ದಿನ ಬಂದು ಉಂಡು ಹೋಗುತ್ತಾನೆ.